ವೈರ್ ಕಿತ್ತು ತೋರಿಸುವ ಚಿಕ್ಕಸ್ವಾಮಿ

ಟಿ. ನರಸೀಪುರದ ಬಸ್ ನಿಲ್ದಾಣದಿಂದ ನಂಜನಗೂಡಿನ ದಾರಿ ಹಿಡಿದರೆ, ಊರು ಮುಗಿಯುವ ಮುಂಚೆ ಎಡಗಡೆಗೆ ಒಂದು ಹೊಂಗೆಮರ, ಅದರಡಿ ಒಂದು ತಗಡಿನ ಶೆಡ್ಡು ಸಿಗುತ್ತಿತ್ತು. ಆಟೋ ಎಲೆಕ್ಟ್ರಿಕಲ್ಸ್ ಎಂದು ಬೋರ್ಡೇನೋ ಇತ್ತು, ಆದರೆ ಅದನ್ನು ಓದಿ ಒಳಗೆ ಬಂದವರು ಯಾರೂ ಇಲ್ಲ. ಕಾರು, ಲಾರಿ, ಟ್ರ್ಯಾಕ್ಟರಿನವರ ಬಾಯಲ್ಲಿ ಅದು ಚಿಕ್ಕಸ್ವಾಮಿಯ ಶೆಡ್ಡು. ಯಾವ ಚಿಕ್ಕಸ್ವಾಮಿ ಎಂದು ಯಾರಾದರೂ ಕೇಳಿದರೆ, 'ವೈರ್ ಕಿತ್ತು ತೋರಿಸ್ತಾನಲ್ಲ, ಆ ಚಿಕ್ಕಸ್ವಾಮಿ' ಎನ್ನುತ್ತಿದ್ದರು.

ಈ ವೈರ್ ಕೀಳುವುದೇನು ಎಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಮನುಷ್ಯನ ಹೆಸರೆಲ್ಲ ಅದರ ಮೇಲೆಯೇ ನಿಂತಿತ್ತು. ಕಾರು ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವುದು ಡೈನಮೋ. ಅದು ಕೆಟ್ಟರೆ ಬ್ಯಾಟರಿ ಬರಿದಾಗಿ ಕಾರು ನಡುದಾರಿಯಲ್ಲಿ ಕೂತುಬಿಡುತ್ತದೆ. ಸರಿ, ಡೈನಮೋ ಬಿಚ್ಚಿ ರಿಪೇರಿ ಮಾಡಿದ್ದಾಯಿತು. ಈಗ ಅದು ಕೆಲಸ ಮಾಡುತ್ತಿದೆ ಎಂದು ಗಿರಾಕಿಗೆ ನಂಬಿಸುವುದು ಹೇಗೆ? ಕರೆಂಟೇನು ಕಣ್ಣಿಗೆ ಕಾಣುವ ವಸ್ತುವೇ? ಅದಕ್ಕೆ ಚಿಕ್ಕಸ್ವಾಮಿ ಗಿರಾಕಿಯನ್ನು ಬಾನೆಟ್ಟಿನ ಎದುರು ನಿಲ್ಲಿಸುತ್ತಿದ್ದ. ಎಂಜಿನ್ ಜೋರಾಗಿ ಓಡುತ್ತಿರುವಾಗಲೇ ಬ್ಯಾಟರಿಯ ವೈರನ್ನು ಪಟ್ಟನೆ ಕಿತ್ತು, ತಲೆಯ ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದ. ಬ್ಯಾಟರಿ ಇಲ್ಲದೆಯೂ ಎಂಜಿನ್ ಗುಡುಗುಡು ಓಡುತ್ತಲೇ ಇರುತ್ತಿತ್ತು. 'ನೋಡ್ಕಳಿ, ಬ್ಯಾಟ್ರಿ ಇಲ್ದೆ ಓಡ್ತಾದೆ, ಇದು ಪೂರಾ ಡೈನಮೋ ಕರೆಂಟು' ಎನ್ನುತ್ತಿದ್ದ. ಗಿರಾಕಿ ತನಗರಿವಿಲ್ಲದೆ ಕೈ ಮುಗಿಯುತ್ತಿದ್ದ. ಆಮೇಲೆ ವೈರು ಸಿಕ್ಕಿಸಿ, ಬ್ಯಾಟರಿಗೆ ಒಂದು ಬೊಟ್ಟು ಕುಂಕುಮ ಇಟ್ಟರೆ ಕೆಲಸ ಮುಗಿಯಿತು.

ಇದನ್ನು ಅವನಿಗೆ ಕಲಿಸಿದವರು ಮೈಸೂರಿನ ಸತ್ತಾರ್ ಸಾಹೇಬರು. ಚಿಕ್ಕಸ್ವಾಮಿಯ ಅಪ್ಪ ನಾಲೆಯ ನೀರುಗಂಟಿ. ಗದ್ದೆಗೆ ನೀರು ಬಿಡುವ ಕೆಲಸದಲ್ಲಿ ಮಗನಿಗೆ ಮನಸ್ಸಿಲ್ಲ ಎಂದು ತಿಳಿದು, ಅರವತ್ತೊಂದನೇ ಇಸವಿಯಲ್ಲಿ ಸಾಹೇಬರ ಶೆಡ್ಡಿಗೆ ತಂದು ಬಿಟ್ಟು ಹೋದ. ಹನ್ನೊಂದು ವರ್ಷ ಅಲ್ಲಿ ಏಟು ತಿಂದು, ಬೈಗುಳ ತಿಂದು, ತಾಮ್ರದ ತಂತಿ ಸುತ್ತಿ ಸುತ್ತಿ ಬೆರಳು ಒರಟಾದ ಮೇಲೆ ಊರಿಗೆ ಬಂದು ಹೊಂಗೆಮರದ ಕೆಳಗೆ ಕೂತ. ಕರೆಂಟು ಅಳೆಯುವ ಮೀಟರು ಎಂಬ ಯಂತ್ರವನ್ನು ಅವನು ಮುಟ್ಟಿದವನಲ್ಲ. ಒಂದು ಬಲ್ಬು, ಅದಕ್ಕೆರಡು ತಂತಿ, ಇಷ್ಟೇ ಅವನ ಟೆಸ್ಟ್ ಲ್ಯಾಂಪು. ಆ ಬಲ್ಬು ಉರಿಯುವ ಬಣ್ಣ ನೋಡಿ ಇಷ್ಟು ಕರೆಂಟಿದೆ ಎಂದು ಹೇಳುತ್ತಿದ್ದ, ತಪ್ಪುತ್ತಿರಲಿಲ್ಲ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇತ್ತು. ಅವನ ಕೆಲಸದ ಬಗ್ಗೆ ಯಾರಾದರೂ ಅನುಮಾನದ ಮಾತಾಡಿದರೆ ಆ ಕಾರನ್ನು ಹಾಗೇ ತಳ್ಳಿಕೊಂಡು ಹೋಗಿ ಎಂದು ರಸ್ತೆಗೆ ಬಿಡಿಸಿದ್ದೂ ಉಂಟು. ಇಪ್ಪತ್ತಾರು ವರ್ಷದಲ್ಲಿ ಅಂಥ ಸಂದರ್ಭ ಎರಡೋ ಮೂರೋ ಬಂದಿರಬಹುದು.

ತೊಂಬತ್ತೆಂಟರ ಶ್ರಾವಣದಲ್ಲಿ ಪುಟ್ಟಬಸವಯ್ಯನ ಅಂಬಾಸಿಡರ್ ಬಂತು. ಪುಟ್ಟಬಸವಯ್ಯ ನಂಜನಗೂಡಿನ ಟ್ಯಾಕ್ಸಿ ಸ್ಟ್ಯಾಂಡಿನವನು. ಚಿಕ್ಕಸ್ವಾಮಿಗಿಂತ ಏಳೆಂಟು ವರ್ಷ ಚಿಕ್ಕವನು, ನೋಡಿದವರನ್ನೆಲ್ಲ ನಂಬುವ ಜಾಯಮಾನ. ನಂಜನಗೂಡಿನಲ್ಲಿ ಎಲೆಕ್ಟ್ರಿಷಿಯನ್ನರಿಗೆ ಬರವಿರಲಿಲ್ಲ. ಆದರೂ ಸಣ್ಣ ಬಲ್ಬಿಗೂ ನರಸೀಪುರದ ತನಕ ಕಾರು ತರುತ್ತಿದ್ದ.

"ಚಿಕ್ಕಸ್ವಾಮಣ್ಣ, ಈ ಡೈನಮೋ ಸಾವಾಸ ಸಾಕು. ಟೇಪ್ ಆಕುದ್ರೆ ಲೈಟು ಮಂಕಾಯ್ತದೆ, ಲೈಟ್ ಆಕುದ್ರೆ ಆರನ್ ಕೂಗಲ್ಲ. ಎಲ್ರೂ ಆಲ್ಟರ್ನೇಟರ್ ಆಕಿಸ್ತಾವ್ರೆ. ನಂಗೂ ಆಕ್ಬುಡು" ಎಂದ.

ಆಲ್ಟರ್ನೇಟರ್ ಎಂದರೆ ಹೊಸ ಕಾಲದ ಡೈನಮೋ. ಗಾತ್ರದಲ್ಲಿ ಚಿಕ್ಕದು, ಕರೆಂಟು ಮಾತ್ರ ದುಪ್ಪಟ್ಟು. ಅದರ ಹಿಂಭಾಗದಲ್ಲಿ ಡಯೋಡ್ ಪ್ಲೇಟು ಎಂದು ಅಂಗೈಯಗಲದ ಒಂದು ಸಾಮಾನು ಇರುತ್ತದೆ, ಹುಟ್ಟಿದ ಕರೆಂಟು ಬ್ಯಾಟರಿಗೆ ಹೋಗುವುದು ಅದನ್ನು ದಾಟಿಯೇ. ಮೂರು ನಾಲ್ಕು ವರ್ಷದಿಂದ ಚಿಕ್ಕಸ್ವಾಮಿ ಇವನ್ನೂ ಕೂರಿಸುತ್ತಿದ್ದ. ನಂಜನಗೂಡಿನ ಮುರಳೀಧರನ ಸ್ಪೇರ್‌ಪಾರ್ಟ್ಸ್ ಅಂಗಡಿಯಿಂದ ಒಂದೇ ತರಹದ ಎರಡು ಆಲ್ಟರ್ನೇಟರ್ ತಂದ. ಒಂದು ಪುಟ್ಟಬಸವಯ್ಯನಿಗೆ, ಇನ್ನೊಂದು ರೇಷ್ಮೆ ಇಲಾಖೆಯ ಇಂದ್ರಾಣಿ ಮೇಡಂ ಅವರ ಹಳೆಯ ಪದ್ಮಿನಿ ಕಾರಿಗೆ. ಎರಡೂ ಬಾಕ್ಸಿನೊಳಗೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದೊಂದು ಚೀಟಿ ಇತ್ತು. ಯಾವಾಗಲೂ ಇರುತ್ತಿತ್ತು. ಕಾಗದ ನಯವಾಗಿದ್ದುದರಿಂದ ಕೈಯ ಗ್ರೀಸು ಒರೆಸಿಕೊಳ್ಳಲು ಚೆನ್ನಾಗಿ ಬರುತ್ತಿತ್ತು.

ಪುಟ್ಟಬಸವಯ್ಯನ ಕಾರಿಗೆ ಕೂರಿಸಿ, ವೈರ್ ಕಿತ್ತು ತೋರಿಸಿ, ಕುಂಕುಮ ಇಟ್ಟು ಕಳಿಸಿದ. ಎರಡು ದಿನದ ಮೇಲೆ ಇಂದ್ರಾಣಿ ಮೇಡಂ ಕಾರು ಮುಗಿಯಿತು. ಆಕೆಗೆ ಸದಾ ಆತುರ.

"ಮೇಡಂ, ಇಲ್ಲಿ ಮುಂದ್ಕೆ ಬನ್ನಿ, ವೈರ್ ಕಿತ್ತು ತೋರುಸ್ತೀನಿ."

"ಅದೆಲ್ಲ ಬೇಡ ಚಿಕ್ಕಸ್ವಾಮಿ, ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ಕಾಯ್ತಿದಾರೆ. ಕೀ ಕೊಡಿ."

ಕೀ ಕಸಿದುಕೊಂಡು ಹೊರಟೇಹೋದರು. ಊಟಕ್ಕೆ ಕರೆದರೆ ಎಲೆ ಮುಂದಿನಿಂದ ಎದ್ದು ಹೋದಷ್ಟು ಬೇಜಾರಾಯಿತು ಅವನಿಗೆ. ರಾತ್ರಿ ಹೆಂಡತಿ ಚಿಕ್ಕಬಸಮ್ಮನ ಹತ್ತಿರ ಅದನ್ನೇ ಮೂರು ಸಲ ಹೇಳಿದ.

ಒಂಬತ್ತನೆಯ ದಿನಕ್ಕೆ ಪುಟ್ಟಬಸವಯ್ಯನ ಕಾರು ಹುಲ್ಲಹಳ್ಳಿ ಸಂತೆಯಲ್ಲಿ ಕೈ ಕೊಟ್ಟಿತು. ಬಾಡಿಗೆಗೆ ಬಂದವರನ್ನು ಕೂರಿಸಿಕೊಂಡು ಕೀ ತಿರುಗಿಸಿದರೆ ಸೆಲ್ಫು ಟಕ್ ಎಂದು ಸುಮ್ಮನಾಯಿತು. ಕುಂಬಳಕಾಯಿ ಮಾರುವವರು ತಳ್ಳಿ ಕಳಿಸಿದರು. ಚಿಕ್ಕಸ್ವಾಮಿ ಬಿಚ್ಚಿ ನೋಡಿದ. ಡಯೋಡ್ ಪ್ಲೇಟು ಸುಟ್ಟಿತ್ತು. ಇರಲಿ, ಹೊಸ ಸಾಮಾನಿನಲ್ಲೂ ಒಂದೊಂದು ಕೆಟ್ಟದ್ದು ಬರುತ್ತದೆ ಎಂದು ಬೇರೆ ಪ್ಲೇಟು ಹಾಕಿ, ವೈರ್ ಕಿತ್ತು ತೋರಿಸಿ ಕಳಿಸಿದ.

ಎರಡನೆಯ ಸಲ ದೇವನೂರಿನಲ್ಲಿ. ಹೆಣ್ಣು ನೋಡಿ ಹೊರಟವರ ಕಾರು ಹೆಣ್ಣಿನ ಮನೆಯ ಮುಂದೆಯೇ ಕೂತುಬಿಟ್ಟಿತು. ಬಿಳಿ ಪಂಚೆ ಉಟ್ಟ ಗಂಡು ಅದನ್ನು ಬೀದಿಯ ತುದಿಯವರೆಗೆ ತಳ್ಳಿದನಂತೆ, ಹುಡುಗಿ ಕಿಟಕಿಯಲ್ಲಿ ನಿಂತು ನಕ್ಕಳಂತೆ. ಸಂಬಂಧ ಕುದುರಿತು, ಆ ಮಾತು ಬೇರೆ. ಪುಟ್ಟಬಸವಯ್ಯನ ಮಾನ ಮಾತ್ರ ಹೋಯಿತು.

"ಒಂದ್ ಮಾತು ಚಿಕ್ಕಸ್ವಾಮಣ್ಣ" ಎಂದ ಅವನು ಹೆದರಿಕೊಂಡೇ. "ಸ್ಪೀಡ್ ಮೀಟ್ರು ಹತ್ರ ಚಾರ್ಜಿಂದು ಕೆಂಪು ಲೈಟು ಐತಲ್ಲ, ಎಂಜಿನ್ ಓಡ್ತಿದ್ರೂ ಅದು ಪೂರಾ ಆರಾಕಿಲ್ಲ. ಬೀಡಿ ತುದಿ ಅಂಗೆ ಸಣ್ಣಕೆ ಉರೀತಾ ಇರ್ತದೆ."

"ಅದು ಬಲ್ಬಿನ ದೋಸ ಕಣ್ಲಾ. ನಿನ್ ಕಣ್ಮುಂದೇನೇ ವೈರ್ ಕಿತ್ತು ತೋರುಸ್ನಿಲ್ವಾ? ಎಂಜಿನ್ ನಿಂತೋಯ್ತಾ?"

"ಇಲ್ಲಣ್ಣ."

"ಮತ್ತೆ? ದಿನಾ ಬೆಳುಗ್ಗಿಂದ ಸಂಜೆಗಂಟ ಭಜನೆ ಕ್ಯಾಸೆಟ್ ಆಕ್ಕಂಡು ಓಡಾಡುದ್ರೆ ಬ್ಯಾಟ್ರಿ ಇನ್ನೇನಾಯ್ತದೆ?"

ಪುಟ್ಟಬಸವಯ್ಯ ಟೇಪ್ ರೆಕಾರ್ಡರನ್ನು ಬಿಚ್ಚಿಸಿ ಮನೆಯಲ್ಲಿಟ್ಟ. ಚಿಕ್ಕಸ್ವಾಮಿ ಈ ಸಲ ಏನನ್ನೂ ಬಿಡಲಿಲ್ಲ. ಬೆಲ್ಟ್ ಬಿಗಿ ಮಾಡಿದ. ಎಂಜಿನ್ನಿನಿಂದ ಕಾರಿನ ಮೈಗೆ ಬರುವ ಅರ್ತ್ ಪಟ್ಟಿಯನ್ನು ಬಿಚ್ಚಿ, ತುಕ್ಕು ಉಜ್ಜಿ, ಹೊಸ ಬೋಲ್ಟು ಹಾಕಿದ. ಬ್ಯಾಟರಿಯ ಆರೂ ಮನೆಗೆ ನೀರು ತುಂಬಿದ. ಕಾರು ನಿಂತಾಗ ಎಲ್ಲಾದರೂ ಕರೆಂಟು ಸೋರುತ್ತಿದೆಯೋ ಎಂದು ಒಂದೊಂದೇ ಫ್ಯೂಸು ಕಿತ್ತು ಟೆಸ್ಟ್ ಲ್ಯಾಂಪು ಹಿಡಿದು ನೋಡಿದ. ಎಲ್ಲೂ ಸೋರುತ್ತಿರಲಿಲ್ಲ. ಎರಡು ದಿನ ಬೇರೆ ಕಾರು ಮುಟ್ಟದೆ ಇದೊಂದರ ಹಿಂದೆ ಬಿದ್ದು, ಮತ್ತೊಂದು ಪ್ಲೇಟು ಹಾಕಿ, ವೈರ್ ಕಿತ್ತು ತೋರಿಸಿದ.

ಹನ್ನೊಂದು ದಿನ ಓಡಿತು. ಹನ್ನೆರಡನೆಯ ದಿನ ಚಿಕ್ಕಯ್ಯನಛತ್ರದ ಹತ್ತಿರ ಸಂಜೆ ದೀಪ ಹಚ್ಚಿದರೆ ದೀಪ ಮಂಕಾಗುತ್ತಾ ಮಂಕಾಗುತ್ತಾ, ಎಂಜಿನ್ನೂ ಕೆಮ್ಮಿ ನಿಂತಿತು. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ನರಸೀಪುರಕ್ಕೆ ಎಳೆಸಿಕೊಂಡು ಬಂದ ಪುಟ್ಟಬಸವಯ್ಯ ಕೂಗಾಡಲಿಲ್ಲ. ಕೂಗಾಡಿದ್ದರೆ ಚಿಕ್ಕಸ್ವಾಮಿಗೆ ಎಷ್ಟೋ ಹಗುರಾಗುತ್ತಿತ್ತು.

"ನನ್ ಮಕ್ಳೂ ನನ್ ಕಾರ್ ಕಂಡ್ರೆ ಇಂದ್ಗಡೆ ಓಗಿ ನಿಂತ್ಕತಾವೆ ಕಣಣ್ಣ, ತಳ್ಳಕ್ಕೆ ಅಂತ" ಎಂದ. "ಸ್ಟ್ಯಾಂಡಲ್ಲಿ ಎಲ್ಲ ಏಳ್ತಾವ್ರೆ, ಚಿಕ್ಕಸ್ವಾಮಿಗೆ ವಯಸ್ಸಾಯ್ತು, ಕೈ ಓಯ್ತು ಅಂತ. ನಾನು ಇಲ್ಲ ಅಂತ ವಾದ ಮಾಡ್ಕಂಡು ಬಂದೀವ್ನಿ. ಇದೊಂದ್ ಸಲ ನೋಡು. ಇನ್ನೂ ಇಂಗೇ ಆದ್ರೆ ನನ್ ಹತ್ರ ವಾದ ಮಾಡಕ್ಕೆ ಮಾತಿಲ್ಲ."

ಕೈ ಹೋಯಿತು ಎಂಬ ಮಾತು ಚಿಕ್ಕಸ್ವಾಮಿಯ ಎದೆಗೆ ನಾಟಿತು. ಅವನಿಗೆ ಹೊಲವಿಲ್ಲ, ಗದ್ದೆಯಿಲ್ಲ, ಓದಿಲ್ಲ. ಇದ್ದದ್ದು ಹೆಸರು ಒಂದು. ಅದೂ ಹೋದರೆ ನಾಳೆ ಆ ಹೊಂಗೆಮರದ ಕೆಳಗೆ ಯಾವ ಮುಖ ಹೊತ್ತು ಕೂರುವುದು? ಸುಟ್ಟ ಪ್ಲೇಟು ಮೂರನ್ನೂ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅವನ ಸಿಟ್ಟು ಒಂದು ಗುರಿ ಹುಡುಕುತ್ತಿತ್ತು. ನಂಜನಗೂಡು ಬರುವಷ್ಟರಲ್ಲಿ ಸಿಕ್ಕಿತು.

ಮುರಳೀಧರ ಅರ್ಚಕರ ಮನೆತನದವನು. ಮನೆಯಲ್ಲಿ ಅಣ್ಣಂದಿರೆಲ್ಲ ಪೂಜೆ, ಪಾಠ ಎಂದು ಹೋದರೆ ಇವನೊಬ್ಬ ಪೇಟೆ ಬೀದಿಯಲ್ಲಿ ಸ್ಪೇರ್‌ಪಾರ್ಟ್ಸ್ ಅಂಗಡಿ ಇಟ್ಟ. ಇಪ್ಪತ್ತು ವರ್ಷದಿಂದ ಚಿಕ್ಕಸ್ವಾಮಿ ಸಾಮಾನು ಕೊಳ್ಳುತ್ತಿದ್ದುದು ಅವನಲ್ಲೇ. ಕೌಂಟರಿನ ಒಳಗೆ ಒಂದು ಸ್ಟೂಲು ಇತ್ತು, ಅದರ ಮೇಲೆ ಚಿಕ್ಕಸ್ವಾಮಿ ಬಿಟ್ಟು ಬೇರೆ ಗಿರಾಕಿ ಕೂರುವ ಹಾಗಿರಲಿಲ್ಲ. ಬಂದ ತಕ್ಷಣ ಎದುರಿನ ಹೋಟೆಲಿನಿಂದ ಕಾಫಿ ತರಿಸುತ್ತಿದ್ದ. ಅವತ್ತು ಅಂಗಡಿಯ ಮುಂದೆ ಐದಾರು ಡ್ರೈವರುಗಳು ನಿಂತಿದ್ದರು. ಚಿಕ್ಕಸ್ವಾಮಿ ಸ್ಟೂಲಿನ ಕಡೆ ನೋಡಲಿಲ್ಲ. ಮೂರು ಪ್ಲೇಟನ್ನೂ ಕೌಂಟರಿನ ಮೇಲೆ ಸುರಿದ.

"ಏನ್ ಸ್ವಾಮಿ ಇದು? ಅಸಲಿ ಅಂತ ಡೂಪ್ಲಿಕೇಟ್ ಮಾರ್ತೀರಲ್ಲ, ದೇವರ ಸನ್ನಿಧಿಲಿ ಹುಟ್ದೋರು ನೀವು?"

ಮುರಳೀಧರ ಪ್ಲೇಟುಗಳನ್ನು ತಿರುಗಿಸಿ ನೋಡಿದ. "ಕಂಪನಿ ಡಿಪೋದಿಂದಲೇ ಬಂದದ್ದು, ಚಿಕ್ಕಸ್ವಾಮಿ. ಬಿಲ್ ತೋರಿಸ್ತೀನಿ ಕೂತ್ಕೊಳ್ಳಿ."

"ಬಿಲ್ಲು ಕಟ್ಕಂಡು ಏನ್ ಮಾಡ್ಲಿ? ನಾನು ವೈರ್ ಕಿತ್ತು ತೋರ್ಸಿ ಕಳುಸ್ದ ಕಾರು ರೋಡಲ್ಲಿ ನಿಂತದೆ ಅಂದ್ರೆ, ತಪ್ಪು ನನ್ದಾ, ಈ ಸಾಮಾನ್ದಾ?"

ನಿಂತಿದ್ದ ಡ್ರೈವರುಗಳು ಮುಖ ಮುಖ ನೋಡಿಕೊಂಡರು. ಮುರಳೀಧರನ ಕಿವಿ ಕೆಂಪಾಯಿತು. ಅವನು ಬಿಲ್ಲಿನ ಕಟ್ಟನ್ನು ಹೊರಗೆ ತೆಗೆದವನು ಮತ್ತೆ ಒಳಗಿಟ್ಟು, "ನಿಮಗೆ ನಂಬಿಕೆ ಇಲ್ಲದಿದ್ದರೆ ಬೇಡ ಬಿಡಿ" ಎಂದಷ್ಟೇ ಅಂದ. ಒಂದೇ ವಾರದಲ್ಲಿ ಸ್ಟ್ಯಾಂಡಿನ ಅರ್ಧ ಡ್ರೈವರುಗಳು ಆ ಅಂಗಡಿಯ ಮೆಟ್ಟಿಲು ಹತ್ತುವುದು ಬಿಟ್ಟರು. ವೈರ್ ಕಿತ್ತು ತೋರಿಸುವ ಚಿಕ್ಕಸ್ವಾಮಿಯೇ ಹೇಳಿದ ಮೇಲೆ ಇನ್ನೇನು?

ಅವನು ಮೈಸೂರಿಗೆ ಹೋಗಿ ನಾಲ್ಕನೆಯ ಪ್ಲೇಟು ತಂದ. ಅದನ್ನು ಕೂರಿಸಬೇಕು ಎನ್ನುವ ಹೊತ್ತಿಗೆ ಇಂದ್ರಾಣಿ ಮೇಡಂ ಪದ್ಮಿನಿ ಕಾರು ಶೆಡ್ಡಿಗೆ ಬಂತು. ಹಾರನ್ನು ಕೂಗುತ್ತಿಲ್ಲವಂತೆ. ಹಾರನ್ನಿನ ತಂತಿ ಬಿಗಿ ಮಾಡುತ್ತಾ ಚಿಕ್ಕಸ್ವಾಮಿ ಕೇಳಿದ, "ಮೇಡಂ, ಬ್ಯಾಟ್ರಿ ಏನಾರ ತೊಂದ್ರೆ ಕೊಡ್ತಾ ಐತಾ?"

"ಇಲ್ಲಪ್ಪ. ಆ ಆಲ್ಟರ್ನೇಟರ್ ಹಾಕಿದ ಮೇಲೆ ಒಂದು ದಿನವೂ ತೊಂದರೆ ಇಲ್ಲ. ಒಳ್ಳೇ ಕೆಲಸ ಮಾಡಿಕೊಟ್ರಿ."

ಹೊಗಳಿದರೆ ಖುಷಿಯಾಗಬೇಕು. ಚಿಕ್ಕಸ್ವಾಮಿಗೆ ಪಿತ್ತ ನೆತ್ತಿಗೇರಿತು. ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿ ನೋಡಿದ. ಕೆಂಪು ದೀಪ ಪೂರ್ತಿ ಆರಿಹೋಯಿತು, ಬೀಡಿಯೂ ಇಲ್ಲ, ಕಿಡಿಯೂ ಇಲ್ಲ. ಅದೇ ಅಂಗಡಿ, ಅದೇ ಸಾಮಾನು, ಅದೇ ಕೈ. ಒಂದು ಇಷ್ಟು ದಿನವೂ ಗಟ್ಟಿಯಾಗಿದೆ, ಇನ್ನೊಂದು ಮೂರು ಸಲ ಸುಟ್ಟಿದೆ. ಡೂಪ್ಲಿಕೇಟ್ ಆಗಿದ್ದರೆ ಇದೂ ಸುಡಬೇಕಿತ್ತಲ್ಲ.

ಮೇಡಂ ಹೋದ ಮೇಲೆ ಅವನು ಶೆಡ್ಡಿನಲ್ಲಿ ನಿಲ್ಲಿಸಿದ್ದ ಪುಟ್ಟಬಸವಯ್ಯನ ಅಂಬಾಸಿಡರಿನ ಪಕ್ಕದಲ್ಲಿ ಕೂತ. ಎರಡು ಕಾರಿಗೂ ಮಾಡಿದ ಕೆಲಸವನ್ನು ಮೊದಲಿನಿಂದ ನೆನಪಿಸಿಕೊಂಡ. ಬ್ರಾಕೆಟ್ಟು ಒಂದೇ ತರಹ, ಬೆಲ್ಟು ಒಂದೇ ತರಹ, ತಂತಿ ಒಂದೇ ಸುರುಳಿಯದ್ದು. ಪದ್ಮಿನಿಗೆ ಕುಂಕುಮ ಇಟ್ಟಿರಲಿಲ್ಲ, ಇದಕ್ಕೆ ಇಟ್ಟಿದ್ದ. ಕುಂಕುಮದಿಂದ ಡಯೋಡು ಸುಡುತ್ತದೆಯೇ? ಕುಂಕುಮ ಯಾಕೆ ಇಟ್ಟಿರಲಿಲ್ಲ? ಆಕೆ ಕಾಯದೆ ಹೊರಟುಹೋದರು. ವೈರ್ ಕೀಳುವುದಕ್ಕೂ ಬಿಡಲಿಲ್ಲ.

ಚಿಕ್ಕಸ್ವಾಮಿಯ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು. ಎದ್ದು ಹೋಗಿ ಉಗಿದು ಬಂದ. ಮತ್ತೆ ಕೂತ. 'ಛೇ, ಇಲ್ಲ' ಎಂದುಕೊಂಡ. ಸತ್ತಾರ್ ಸಾಹೇಬರು ಕಲಿಸಿದ್ದು ತಪ್ಪಾಗುತ್ತದೆಯೇ?

ನಾಲ್ಕನೆಯ ಪ್ಲೇಟು ಕೂರಿಸಿದ. ಎಂಜಿನ್ ಚಾಲೂ ಮಾಡಿ, ಬಾನೆಟ್ಟಿನ ಕಡೆ ಹೋಗದೆ ಮೊದಲು ಸೀಟಿನಲ್ಲಿ ಕೂತು ದೀಪ ನೋಡಿದ. ಕೆಂಪು ದೀಪ ಪೂರ್ತಿ ಆರಿತ್ತು. ಟೆಸ್ಟ್ ಲ್ಯಾಂಪು ಬೆಳ್ಳಗೆ ಉರಿಯಿತು. ಎಲ್ಲ ಸರಿಯಿದೆ. ಆಕ್ಸಿಲರೇಟರಿಗೆ ಒಂದು ಕಡ್ಡಿ ಸಿಕ್ಕಿಸಿ ಎಂಜಿನ್ ಏರಿಸಿದ. ಬಾನೆಟ್ಟಿನ ಬಳಿ ಬಂದು ವೈರ್ ಕಿತ್ತ. ಎಂಜಿನ್ ಓಡುತ್ತಲೇ ಇತ್ತು. ತೋರಿಸಲು ಎದುರಿಗೆ ಯಾರೂ ಇರಲಿಲ್ಲ, ಆದರೂ ಕೈ ಅಭ್ಯಾಸಬಲದಿಂದ ಅರ್ಧ ಮೇಲಕ್ಕೆ ಹೋಯಿತು. ವೈರು ಮತ್ತೆ ಸಿಕ್ಕಿಸಿ, ಹೋಗಿ ಸೀಟಿನಲ್ಲಿ ಕೂತ.

ಕೆಂಪು ದೀಪ ಸಣ್ಣಗೆ ಉರಿಯುತ್ತಿತ್ತು, ಬೀಡಿ ತುದಿಯ ಹಾಗೆ.

ಇಷ್ಟು ವರ್ಷ ವೈರ್ ಹಿಡಿದವನ ಕಣ್ಣು ವೈರಿನ ಮೇಲಿತ್ತು, ನೋಡಲು ನಿಂತವನ ಕಣ್ಣೂ ವೈರಿನ ಮೇಲೇ ಇತ್ತು. ಆ ಕ್ಷಣದಲ್ಲಿ ಒಳಗೆ ಕೂತು ದೀಪ ನೋಡಿದವರು ಯಾರೂ ಇರಲಿಲ್ಲ. ಡೈನಮೋಗೆ ಈ ಪರೀಕ್ಷೆಯಿಂದ ಏನೂ ಆಗುತ್ತಿರಲಿಲ್ಲ, ಸಾಹೇಬರು ಕಲಿಸಿದ್ದು ಡೈನಮೋ ಕಾಲದಲ್ಲಿ. ಆಲ್ಟರ್ನೇಟರಿಗೆ ಬ್ಯಾಟರಿ ತಪ್ಪಿದ ತಕ್ಷಣ ಕರೆಂಟು ನುಗ್ಗಿ ಒಂದೋ ಎರಡೋ ಡಯೋಡು ಸುಟ್ಟುಹೋಗುತ್ತಿತ್ತು. ಮಿಕ್ಕ ಡಯೋಡುಗಳು ಏದುಸಿರು ಬಿಡುತ್ತಾ ಒಂದು ವಾರ, ಹತ್ತು ದಿನ ಎಳೆಯುತ್ತಿದ್ದವು. ಆಮೇಲೆ ಬ್ಯಾಟರಿ ಬರಿದು.

ಅವನಿಗೆ ಬಂದ ಸಿಟ್ಟಿಗೆ ಲೆಕ್ಕವಿರಲಿಲ್ಲ. ಬೈಯಲು ಯಾರೂ ಸಿಗಲಿಲ್ಲ, ಅದೇ ದೊಡ್ಡ ಕಷ್ಟವಾಯಿತು. ನಾಲ್ಕು ವರ್ಷದಲ್ಲಿ ತಾನು ಕೂರಿಸಿದ ಆಲ್ಟರ್ನೇಟರುಗಳು ಒಂದೊಂದೇ ನೆನಪಾದವು. ಮೇಡಂ ಕಾರೊಂದನ್ನು ಬಿಟ್ಟು ಅವಕ್ಕೆಲ್ಲ ತಾನೇ ವೈರ್ ಕಿತ್ತು ಕುಂಕುಮ ಇಟ್ಟಿದ್ದ. ಕೆಲವು ಕಾರುಗಳು ಮತ್ತೆ ಬಂದಿರಲೇ ಇಲ್ಲ. ಅವು ಎಲ್ಲೆಲ್ಲಿ ಕೂತವೋ, ಯಾರಿಂದ ತಳ್ಳಿಸಿಕೊಂಡವೋ. ಚಿಕ್ಕಬಸಮ್ಮ ಬುತ್ತಿ ತಂದಾಗ ಅವನು ಟೆಸ್ಟ್ ಲ್ಯಾಂಪಿನ ತಂತಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಾ ಕೂತಿದ್ದ. ಎಲ್ಲ ಹೇಳಿದ.

ಆಕೆ ಬುತ್ತಿ ಬಿಚ್ಚುತ್ತಾ, "ಅಂಗಾದ್ರೆ ಆ ಅಂಗ್ಡಿ ಸ್ವಾಮ್ಯೋರ್ನ ಸುಮ್ಸುಮ್ನೆ ಬೈದ್ರಾ?" ಎಂದಳು.

ಮರುದಿನ ಚಿಕ್ಕಸ್ವಾಮಿ ಐದನೆಯ ಪ್ಲೇಟಿಗೆ ಮುರಳೀಧರನ ಅಂಗಡಿಗೇ ಹೋದ. ಅಂಗಡಿ ಖಾಲಿ ಇತ್ತು. ಸ್ಟೂಲಿನ ಮೇಲೆ ರಟ್ಟಿನ ಪೆಟ್ಟಿಗೆ ಇಟ್ಟಿದ್ದರು. ನಿಂತುಕೊಂಡೇ, ತಲೆ ತಗ್ಗಿಸಿಕೊಂಡು, ಆದದ್ದನ್ನು ಹೇಳಿದ. ಮುರಳೀಧರ ಒಂದು ಹೊಸ ಆಲ್ಟರ್ನೇಟರ್ ಬಾಕ್ಸು ಒಡೆದು, ಒಳಗಿದ್ದ ಚೀಟಿ ಬಿಡಿಸಿ, ಕನ್ನಡಕ ಹಾಕಿಕೊಂಡು ಓದಿದ. ಓದುತ್ತಾ ಅವನ ಹುಬ್ಬು ಮೇಲೆ ಹೋಯಿತು.

"ಎಂಜಿನ್ ಓಡ್ತಿರುವಾಗ ಬ್ಯಾಟರಿ ವೈರ್ ತೆಗೀಬಾರದು ಅಂತ ಇಲ್ಲೇ ಬರೆದಿದೆ. ಎರಡನೇ ಸಾಲಲ್ಲೇ ಇದೆ. ನಾಲ್ಕು ವರ್ಷದಿಂದ ಮಾರ್ತಿದೀನಿ, ನಾನೂ ಇವತ್ತೇ ಓದಿದ್ದು ನೋಡಿ."

ಚಿಕ್ಕಸ್ವಾಮಿ ಆ ಚೀಟಿಯನ್ನು ನೋಡಿದ. ಅಂಥ ಎಷ್ಟು ಚೀಟಿಗಳಲ್ಲಿ ಕೈ ಒರೆಸಿಕೊಂಡಿದ್ದನೋ.

"ನನ್ನಿಂದ ನಿಮ್ಗೆ ಕೆಟ್ಟೆಸ್ರು ಬಂತು ಸ್ವಾಮಿ. ತಪ್ಪಾಯ್ತು."

"ನೀವು ಇಲ್ಲಿ ಖಾಲಿ ಅಂಗಡೀಲಿ ಹೇಳಿದರೆ ಏನು ಬಂತು ಚಿಕ್ಕಸ್ವಾಮಿ?" ಮುರಳೀಧರನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಬೈದದ್ದು ಎಲ್ಲರ ಎದುರಿಗೆ. ಹೇಳೋದನ್ನೂ ಅಲ್ಲೇ ಹೇಳಬೇಕಾಗುತ್ತೆ."

"ಏಳ್ತೀನಿ. ಬಸವಯ್ಯ ಬರ್ಲಿ, ಮೊದ್ಲು ಅವ್ನಿಗೇ ಏಳ್ತೀನಿ."

ಹೇಳುತ್ತೇನೆಂದು ನಿಜವಾಗಿಯೂ ಅಂದುಕೊಂಡಿದ್ದ. ಐದನೆಯ ಪ್ಲೇಟು ಕೂರಿಸಿ, ದೀಪ ಆರಿದ್ದನ್ನು ನೋಡಿ, ಬ್ಯಾಟರಿಯ ವೈರಿಗೆ ಕೈ ತಾಗಿಸದೆ ಬಾನೆಟ್ಟು ಮುಚ್ಚಿದ. ಮಧ್ಯಾಹ್ನ ಪುಟ್ಟಬಸವಯ್ಯ ಬಂದ. ಬಂದವನೇ ಬಾನೆಟ್ಟು ಎತ್ತಿ, ಚಪ್ಪಲಿ ಬಿಟ್ಟು, ಎದುರಿಗೆ ನಿಂತ.

"ತೋರ್ಸಣ್ಣ."

ಅವನ ಮುಖದಲ್ಲಿ ಎಷ್ಟು ನಂಬಿಕೆ ಇತ್ತೆಂದರೆ, ಮೂರು ಸಲ ನಡುದಾರಿಯಲ್ಲಿ ನಿಂತವನು ಇವನೇ ಎಂದು ಹೇಳಲಾಗುತ್ತಿರಲಿಲ್ಲ. ಚಿಕ್ಕಸ್ವಾಮಿ ಬಾಯಿ ತೆರೆದ. ಸುಟ್ಟದ್ದು ನಾನೇ ಕಣ್ಲಾ ಎನ್ನಬೇಕು ಎಂದುಕೊಂಡವನು ಕೈಬಟ್ಟೆಯಿಂದ ಬಾನೆಟ್ಟಿನ ಅಂಚು ಒರೆಸಿದ.

"ಇವತ್ತು ಬ್ಯಾಡ ಕಣ್ಲಾ" ಎಂದ. "ಇವತ್ತು ಅಮಾಸೆ. ಅಮಾಸೆ ದಿನ ಬ್ಯಾಟ್ರಿ ವೈರ್ ಕೀಳ್ಬಾರ್ದು."

"ಅಂಗಾ?"

"ಊಂ. ನೀ ಓಗು. ಈ ಸಲ ಏನೂ ಆಗಾಕಿಲ್ಲ."

ಅವತ್ತು ಅಮಾವಾಸ್ಯೆ ಎಂಬುದೇನೋ ನಿಜ. ಪುಟ್ಟಬಸವಯ್ಯ ಬಾನೆಟ್ಟು ಮುಚ್ಚಿ, ಕಾರಿಗೊಂದು ನಮಸ್ಕಾರ ಮಾಡಿ ಹೊರಟ. ಕಾರು ಕಣ್ಮರೆಯಾದ ಮೇಲೆ ಚಿಕ್ಕಸ್ವಾಮಿಗೆ ತನ್ನ ಮೇಲೆ ಅಸಹ್ಯವಾಯಿತು. ಸಂಜೆ ಮುದ್ದೆ ಮುರಿದವನು ಹಾಗೇ ಕೂತ.

"ಏಳುದ್ರಾ?" ಚಿಕ್ಕಬಸಮ್ಮ ಕೇಳಿದಳು.

"ಇಲ್ಲ. ಅಮಾಸೆ ಅಂದ್ಬುಟ್ಟೆ."

"ನಾಳೆ ಅಮಾಸೆ ಇರಾಕಿಲ್ವಲ್ಲ" ಎಂದಳು ಆಕೆ. "ಫಸ್ಟ್ ಬಸ್ಗೇ ಓಗಿ ಏಳ್ಬುಟ್ಟು ಬನ್ನಿ. ಇಲ್ದಿದ್ರೆ ನೀವೂ ಉಣ್ಣಾಕಿಲ್ಲ, ನನ್ನೂ ಉಣ್ಣಕ್ಕೆ ಬಿಡಾಕಿಲ್ಲ."

ಬೆಳಗ್ಗೆ ಮೊದಲ ಬಸ್ಸು ಹತ್ತಿದ. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಹತ್ತು ತರಹ ಜೋಡಿಸಿಕೊಂಡ. ನಂಜನಗೂಡಿನಲ್ಲಿ ಇಳಿದು ಟ್ಯಾಕ್ಸಿ ಸ್ಟ್ಯಾಂಡಿನ ಕಡೆ ತಿರುಗುವಾಗಲೇ ಅಲ್ಲಿ ಜನ ಗುಂಪಾಗಿರುವುದು ಕಂಡಿತು. ಎಂಜಿನ್ ಜೋರಾಗಿ ಓಡುವ ಸದ್ದು ಕೇಳಿತು. ಚಿಕ್ಕಸ್ವಾಮಿ ಓಡಿದ. ಐವತ್ತು ವರ್ಷದ ಮೊಣಕಾಲು, ಎಷ್ಟು ಓಡೀತು?

ಪುಟ್ಟಬಸವಯ್ಯ ಹೊಳೆಯಲ್ಲಿ ಮಿಂದು, ದೇವಸ್ಥಾನಕ್ಕೆ ಹೋಗಿ, ಹಣೆ ತುಂಬ ವಿಭೂತಿ ಧರಿಸಿ ಬಂದಿದ್ದ. ಅಮಾವಾಸ್ಯೆ ಕಳೆದಿತ್ತು. ಕಾರಿನ ಬಾನೆಟ್ಟು ಎತ್ತಿತ್ತು, ಹಗಲಲ್ಲೇ ಹೆಡ್‌ಲೈಟು ಹಚ್ಚಿತ್ತು. ಒಳಗೆ ಕೂತ ಮಾದು ಎಂಬ ಡ್ರೈವರು ಆಕ್ಸಿಲರೇಟರ್ ಒತ್ತುತ್ತಿದ್ದ. ಕೈ ಹೋಯಿತು ಎಂದು ಆಡಿಕೊಂಡವರೆಲ್ಲ ಸುತ್ತ ನಿಂತಿದ್ದರು. ಅವರ ನಡುವೆ ಪುಟ್ಟಬಸವಯ್ಯ, ಕಿತ್ತ ವೈರನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದ.

"ನೋಡ್ರಪ್ಪಾ, ಕಣ್ತುಂಬ ನೋಡ್ಕಳಿ. ಬ್ಯಾಟ್ರಿ ಇಲ್ದೆ ಓಡ್ತಾದೆ. ನಮ್ ಚಿಕ್ಕಸ್ವಾಮಣ್ಣನ್ ಕೈ ಓ‍ಯ್ತು ಅಂದ್ರಲ್ಲ, ಈಗೇನಂತೀರಿ?"

ಹೆಡ್‌ಲೈಟು ಒಮ್ಮೆಗೇ ಸುಣ್ಣದಂತೆ ಬೆಳ್ಳಗಾಯಿತು. ಗುಂಪಿನವರು ಭೇಷ್ ಎಂದರು. ಮರುಗಳಿಗೆಗೆ ಎರಡು ಬಲ್ಬೂ ಆರಿಹೋದವು. ಅದನ್ನು ಯಾರೂ ಗಮನಿಸಲಿಲ್ಲ, ಎಲ್ಲರ ಕಣ್ಣು ವೈರಿನ ಮೇಲಿತ್ತು. ಆಗ ಯಾರೋ ಚಿಕ್ಕಸ್ವಾಮಿಯನ್ನು ಕಂಡು ದಾರಿ ಬಿಟ್ಟರು. ಒಬ್ಬ ಬೆನ್ನು ತಟ್ಟಿದ. ಚಲುವಯ್ಯ ಎಂಬ ಹಿರಿಯ ಡ್ರೈವರು, "ತಪ್ಪಾಯ್ತು ಕಣಪ್ಪ, ನಾವೇ ಏನೇನೋ ಅಂದ್ಕಂಡ್ಬುಟ್ಟೋ. ಎಲ್ಲಾ ಆ ಅಂಗ್ಡಿಯವನ್ ಕಿತಾಪತಿ" ಎಂದ.

ಇಷ್ಟು ದಿನ ಯಾವ ಮಾತಿಗಾಗಿ ಒದ್ದಾಡಿದ್ದನೋ ಆ ಮಾತು ತಾನಾಗಿಯೇ ಬಂದು ಎದುರಿಗೆ ನಿಂತಿತ್ತು. ತಲೆಯಾಡಿಸಿದ್ದರೆ ಸಾಕಿತ್ತು. ಇನ್ನೂ ಹತ್ತು ದಿನ ಕಾರು ಓಡುತ್ತಿತ್ತು, ಹತ್ತು ದಿನ ಹೆಸರೂ ಓಡುತ್ತಿತ್ತು. ಚಿಕ್ಕಸ್ವಾಮಿ ಪುಟ್ಟಬಸವಯ್ಯನ ಕೈಯಿಂದ ವೈರು ತೆಗೆದುಕೊಂಡು ಬ್ಯಾಟರಿಗೆ ಸಿಕ್ಕಿಸಿದ.

"ಮಾದು, ಕೆಂಪು ಲೈಟ್ ನೋಡು. ಉರೀತಾ ಐತಾ?"

"ಸಣ್ಣಕೆ ಉರೀತಾದೆ ಕಣಣ್ಣ. ಆಗ್ಲೇ ಆರಿತ್ತು."

"ಎಂಜಿನ್ ಆಫ್ ಮಾಡು."

ಸದ್ದು ನಿಂತಿತು. ಜೋಡಿಸಿಕೊಂಡು ಬಂದ ಹತ್ತು ತರಹದ ಮಾತಿನಲ್ಲಿ ಒಂದೂ ನೆನಪಾಗಲಿಲ್ಲ.

"ಸುಟ್ಟೋಯ್ತು" ಎಂದ. "ವೈರ್ ಕಿತ್ರೆ ಸುಡ್ತದೆ. ಇದು ಆಲ್ಟರ್ನೇಟರ್, ಡೈನಮೋ ಅಲ್ಲ. ಇಂದ್ಲ ಮೂರೂ ಇಂಗೇ ಸುಟ್ಟಿದ್ದು. ಮುರಳೀಧರ ಸ್ವಾಮ್ಯೋರ ಸಾಮಾನು ಚೊಕ್ಕವಾಗಿತ್ತು."

ಪುಟ್ಟಬಸವಯ್ಯ ಖಾಲಿ ಕೈಯನ್ನು ಇನ್ನೂ ಕೆಳಗಿಳಿಸಿರಲಿಲ್ಲ.

"ಮತ್ತೆ ನಿನ್ನೆ ಅಮಾಸೆ ಅಂದೆ?"

"ಸುಳ್ಳೇಳ್ದೆ ಕಣ್ಲಾ. ನಿಂಗೆ ಏಳಕ್ಕೆ ನಾಚ್ಕೆ ಆಯ್ತು."

ಪುಟ್ಟಬಸವಯ್ಯ ಅವನನ್ನು ನೋಡಿದ, ಬಾನೆಟ್ಟಿನೊಳಗೆ ನೋಡಿದ, ತನ್ನ ಕೈ ನೋಡಿಕೊಂಡ. "ಅಂಗಾದ್ರೆ ಇವತ್ತು ಸುಟ್ಟಿದ್ದು ನಾನಾ?" ಎಂದ.

"ಇವತ್ತಿಂದೂ ನಾನೇ" ಎಂದ ಚಿಕ್ಕಸ್ವಾಮಿ. ಸ್ಪ್ಯಾನರು ಕೊಡು ಎಂದು ಕೈ ಚಾಚಿದ.